ಮಾಡಿದವರು ಯಾರೋ, ಉಂಡವರು ಯಾರೋ

ದಕ್ಷಿಣ ನಾರ್ವೆಯ ಗುಡ್ಡಗಳ ನಡುವಿನ ಕೆಲವು ಸರೋವರಗಳು 1970ರ ದಶಕದ ಹೊತ್ತಿಗೆ ಬೆರಗಾಗುವಷ್ಟು ತಿಳಿಯಾಗಿದ್ದವು. ದಡದಲ್ಲಿ ನಿಂತವರಿಗೆ ಆಳದ ಕಲ್ಲುಗಳೂ ಎಣಿಸುವ ಹಾಗೆ ಕಾಣುತ್ತಿದ್ದವು. ನಮ್ಮ ಕಡೆಯವರು ಯಾರಾದರೂ ಕಂಡಿದ್ದರೆ ಬೊಗಸೆ ತುಂಬಿಕೊಂಡು, ತೀರ್ಥವೆಂದು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಳ್ಳುತ್ತಿದ್ದರೇನೋ. ಆದರೆ ಆ ನೀರು ತಿಳಿಯಾದದ್ದು ಅದರೊಳಗಿನ ಜೀವ ಹೋದದ್ದರಿಂದ. ಕೊಳೆತ ಎಲೆಗಳಿಂದ ಇಳಿದು ನೀರಿಗೆ ಕಂದು ಬಣ್ಣ ಕೊಡುತ್ತಿದ್ದ ಸಾರ ಅಲ್ಯೂಮಿನಿಯಂ ಜತೆ ಸೇರಿ ತಳಕ್ಕಿಳಿದಿತ್ತು. ತೇಲುವ ಸಣ್ಣ ಜೀವಿಗಳ ಸಂಖ್ಯೆ ಇಳಿದುಹೋಗಿತ್ತು. ಹುಳಿ ನೀರನ್ನು ತಾಳಿಕೊಳ್ಳುವ ಪಾಚಿ ಮಾತ್ರ ತಳದಲ್ಲಿ ಹಬ್ಬಿತ್ತು. ಟ್ರೌಟ್ ಮೀನಿನ ಸುಳಿವೇ ಇರಲಿಲ್ಲ.

ಮೀನು ಸತ್ತ ಬಗೆಯನ್ನು ಹತ್ತಿರದಿಂದ ನೋಡಬೇಕು. ಚಳಿಗಾಲವಿಡೀ ಗಂಧಕದ ಮತ್ತು ಸಾರಜನಕದ ಆಮ್ಲಗಳು ಹಿಮದಲ್ಲಿ ಕೂಡಿಕೊಂಡಿರುತ್ತವೆ. ವಸಂತದಲ್ಲಿ ಹಿಮ ಕರಗತೊಡಗಿದಾಗ ಮೊದಲು ಹರಿದುಬರುವ ನೀರಿನಲ್ಲೇ ಆ ಆಮ್ಲದ ಬಹುಪಾಲು ಇಳಿದುಬರುತ್ತದೆ. ಬರುವ ದಾರಿಯಲ್ಲಿ ಮಣ್ಣಿನಲ್ಲಿ ಗಟ್ಟಿಯಾಗಿ ಕೂತಿದ್ದ ಅಲ್ಯೂಮಿನಿಯಮ್ಮನ್ನು ಕರಗಿಸಿಕೊಂಡು ಬರುತ್ತದೆ. ಅದು ಮೀನಿನ ಕಿವಿರುಗಳಿಗೆ ಅಂಟುತ್ತದೆ, ಕಿವಿರು ಲೋಳೆ ಸುರಿಸುತ್ತದೆ, ರಕ್ತದ ಉಪ್ಪು ಸೋರಿಹೋಗುತ್ತದೆ. ನೀರಿನೊಳಗಿದ್ದೇ ಮೀನು ಉಸಿರುಕಟ್ಟಿ ಸಾಯುತ್ತದೆ. 1975ರ ವಸಂತದಲ್ಲಿ ತೊವ್ದಾಲ್ ನದಿಯಲ್ಲಿ ಹೀಗೆ ಸತ್ತ ಟ್ರೌಟ್‌ಗಳು ಮೈಲುಗಟ್ಟಲೆ ತೇಲಿದವು. ಆ ಆಮ್ಲಕ್ಕೆ ಕಾರಣವಾದ ಹೊಗೆಯ ಬಹುಪಾಲು ಎದ್ದದ್ದು ಸಮುದ್ರದಾಚೆಯ ಬ್ರಿಟನ್, ಜರ್ಮನಿ ಮತ್ತು ಯುರೋಪಿನ ಇತರ ಕಲ್ಲಿದ್ದಲ ನಾಡುಗಳಲ್ಲಿ.

ನಮ್ಮ ನೈಯಾಯಿಕರು ಇಂಥ ಪರಿಸ್ಥಿತಿಗೆ ಎಂದೋ ಹೆಸರಿಟ್ಟಿದ್ದರು: ಅಕೃತಾಭ್ಯಾಗಮ. ಮಾಡದ ಕರ್ಮದ ಫಲ ಬಂದು ಎರಗುವುದು. ಅದರ ಜೋಡಿ ಕೃತಹಾನಿ, ಎಂದರೆ ಮಾಡಿದ ಕರ್ಮದ ಫಲ ಮಾಡಿದವನಿಗೆ ತಟ್ಟದೇ ಹೋಗುವುದು. ದೇಹದ ಜತೆಗೇ ಆತ್ಮವೂ ಮುಗಿಯುತ್ತದೆ ಎನ್ನುವವರ ಎದುರು, ಎಲ್ಲವೂ ಕ್ಷಣಿಕ ಎನ್ನುವವರ ಎದುರು ವೈದಿಕ ದಾರ್ಶನಿಕರು ಮತ್ತೆ ಮತ್ತೆ ಎತ್ತುತ್ತಿದ್ದ ಆಕ್ಷೇಪ ಇದು. ನಿಮ್ಮ ಮಾತು ಒಪ್ಪಿದರೆ ಈ ಎರಡು ದೋಷ ಬರುತ್ತವೆ, ಆದ್ದರಿಂದ ನಿಮ್ಮ ಮಾತು ಬಿತ್ತು ಎನ್ನುವುದು ವಾದದ ವರಸೆ. ಲೋಕ ಹಾಗೆ ನಡೆಯಲು ಸಾಧ್ಯವೇ ಇಲ್ಲ ಎಂಬುದು ಅದರ ಅಡಿಪಾಯ. ಹಳ್ಳಿಯ ಜಗಲಿಯಲ್ಲಿ ಅದೇ ನಂಬಿಕೆ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯಾಗಿದೆ. ಎಂ. ಎಸ್. ಪುಟ್ಟಣ್ಣನವರು ಕಾದಂಬರಿಗೇ ಆ ಹೆಸರಿಟ್ಟರು. ಆಮ್ಲ ಮಳೆಯಲ್ಲಿ ಮಾತ್ರ ತರ್ಕಶಾಸ್ತ್ರ ಅಸಂಗತವೆಂದು ತಳ್ಳಿಹಾಕಿದ್ದು ಹಗಲು ಹೊತ್ತಿನಲ್ಲೇ, ಅಳೆದು ತೋರಿಸಬಹುದಾದಂತೆ, ನಡೆದುಹೋಯಿತು.

ಹೊಗೆ ಮೇಲಕ್ಕೆ ಹೋಗಿ ಮಳೆಯಾಗಿ ಹಿಂದಿರುಗುತ್ತದೆ ಎಂಬ ಕಲ್ಪನೆ ನಮಗೆ ಹೊಸದಲ್ಲ. ಭಗವದ್ಗೀತೆಯ ಮೂರನೆಯ ಅಧ್ಯಾಯ ಅನ್ನಕ್ಕೆ ಮಳೆಯನ್ನೂ ಮಳೆಗೆ ಯಜ್ಞವನ್ನೂ ಯಜ್ಞಕ್ಕೆ ಕರ್ಮವನ್ನೂ ಮೂಲವಾಗಿ ಹೇಳುತ್ತದೆ. ಹಾಗೆಂದು ಗೀತೆಯಲ್ಲಿ ವಾಯುಮಂಡಲದ ರಸಾಯನಶಾಸ್ತ್ರವಿದೆ ಎಂದು ಎದೆ ತಟ್ಟಿಕೊಳ್ಳುವ ಅಗತ್ಯವಿಲ್ಲ. ಅಂಥ ಚಾಳಿ ಈಚೆಗೆ ಸಾಕಷ್ಟಿದೆ. ಗಮನಿಸಬೇಕಾದ್ದು ಬೇರೆಯೇ ಇದೆ. ಆ ಚಕ್ರದಲ್ಲಿ ಆಹುತಿ ಕೊಡುವವನೂ ಮಳೆ ಪಡೆಯುವವನೂ ಒಂದೇ ಸಮುದಾಯದವರು. ಬೆಂಕಿ ಯಾರದ್ದೋ ಮಳೆಯೂ ಅವರದ್ದೇ. ಮಳೆಗಾಲ ಕೆಟ್ಟರೆ ಊರವರು ತಮ್ಮೊಳಗೇ ತಪ್ಪು ಹುಡುಕುತ್ತಿದ್ದದ್ದು ಇದೇ ಲೆಕ್ಕದ ಮೇಲೆ.

ರಸಾಯನದ ಸಂಗತಿ ಸರಳ. ಕಲ್ಲಿದ್ದಲಿನಲ್ಲೂ ಕಚ್ಚಾ ತೈಲದಲ್ಲೂ ಗಂಧಕವಿರುತ್ತದೆ. ಉರಿಸಿದಾಗ ಅದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಬಾಯ್ಲರ್ ಮತ್ತು ಎಂಜಿನ್‌ಗಳ ಉರಿಬಿಸಿಯಲ್ಲಿ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಸಾರಜನಕದ ಆಕ್ಸೈಡ್‌ಗಳಾಗುತ್ತದೆ. ಗಾಳಿಯಲ್ಲಿ ಇವು ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಮ್ಲಗಳಾಗಿ ಮಳೆ, ಮಂಜು, ಹಿಮದೊಡನೆ, ಕೆಲವೊಮ್ಮೆ ಒಣ ಕಣಗಳಾಗಿಯೇ ಇಳಿಯುತ್ತವೆ. ಶುದ್ಧ ಮಳೆಯೂ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ಸ್ವಲ್ಪ ಹುಳಿಯಾಗಿಯೇ ಇರುತ್ತದೆ. ಅದರ ಪಿಎಚ್ ಸುಮಾರು 5.6. ಆ ಅಳತೆಯಲ್ಲಿ ಒಂದಂಕಿ ಇಳಿದರೆ ಹುಳಿ ಹತ್ತು ಪಟ್ಟು ಹೆಚ್ಚುತ್ತದೆ. 1974ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡಿನ ಪಿಟ್‌ಲಾಕ್ರಿಯಲ್ಲಿ ಸುರಿದ ಒಂದು ಮಳೆಯ ಪಿಎಚ್ 2.4 ಇತ್ತು. ವಿನೆಗರ್‌ಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಮಳೆಯ ಹುಳಿಯನ್ನು ಮೊದಲು ಕ್ರಮವಾಗಿ ಅಳೆದವನು ರಾಬರ್ಟ್ ಆಂಗಸ್ ಸ್ಮಿತ್. ಪಾದ್ರಿಯಾಗಲೆಂದು ಗ್ಲಾಸ್ಗೋದಲ್ಲಿ ಓದಲು ಹೋಗಿ, ಅದನ್ನು ಬಿಟ್ಟು, ಜರ್ಮನಿಯಲ್ಲಿ ಲೀಬಿಗ್‌ನ ಬಳಿ ರಸಾಯನಶಾಸ್ತ್ರ ಕಲಿತವನು. 1852ರಲ್ಲಿ ಮ್ಯಾಂಚೆಸ್ಟರ್ ಸುತ್ತಲಿನ ಮಳೆನೀರನ್ನು ಪರೀಕ್ಷಿಸಿ, ಊರು ಹತ್ತಿರವಾದಂತೆ ಮಳೆ ಹುಳಿಯಾಗುವುದನ್ನು ತೋರಿಸಿದ. 1872ರ ತನ್ನ ಪುಸ್ತಕದಲ್ಲಿ ‘ಆಮ್ಲ ಮಳೆ’ ಎಂಬ ಮಾತನ್ನು ಚಲಾವಣೆಗೆ ತಂದ. ಸೋಡಾ ಕಾರ್ಖಾನೆಗಳು ಹೊರಬಿಡುತ್ತಿದ್ದ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯಲ್ಲಿ ನೂರಕ್ಕೆ 95 ಪಾಲನ್ನು ಹಿಡಿದಿಡಬೇಕೆಂದು ಬ್ರಿಟನ್ 1863ರಲ್ಲಿ ಕಾಯ್ದೆ ಮಾಡಿದಾಗ ಅದರ ಮೊದಲ ಇನ್‌ಸ್ಪೆಕ್ಟರ್ ಆದವನೂ ಈತನೇ. ಚರ್ಚಿನ ಪೀಠ ಏರಿದ್ದರೆ ಪಾಪದ ಬಗ್ಗೆ ಉಪದೇಶ ಮಾಡುತ್ತಿದ್ದವನು ಚಿಮಣಿಗಳ ಲೆಕ್ಕ ತೆಗೆಯಲು ಹೊರಟ. ಪಾದ್ರಿಯ ಕೆಲಸ ಪೂರ್ತಿ ಬಿಟ್ಟಂತೆ ಇದು ಕಾಣುವುದಿಲ್ಲ.

ಸ್ಮಿತ್ ಕಂಡದ್ದು ಒಂದು ಊರಿನ ಹೊಗೆ, ಅದೇ ಊರಿನ ಮಳೆ. ಗಡಿ ದಾಟುವ ಹೊಗೆಯ ಅಳುಕು ವಿಜ್ಞಾನಿಗಳಿಗಿಂತ ಮೊದಲು ಒಬ್ಬ ನಾಟಕಕಾರನಿಗೆ ಬಂದಿತ್ತು. 1866ರಲ್ಲಿ ಪ್ರಕಟವಾದ ಇಬ್ಸೆನ್‌ನ ‘ಬ್ರಾಂಡ್’ ನಾಟಕದಲ್ಲಿ ಬ್ರಿಟನ್ನಿನ ಕಲ್ಲಿದ್ದಲ ಹೊಗೆ ನಾರ್ವೆಯ ಹಸಿರಿನ ಮೇಲೆ ಕವಿಯುವ ಪ್ರಸ್ತಾಪವಿದೆ. ನಾಯಕ ಒಬ್ಬ ಪಾದ್ರಿ ಎಂಬುದು ಕಾಕತಾಳೀಯ ಇರಬಹುದು.

ಹೊಗೆಯನ್ನು ಗಡಿ ದಾಟಿಸಿದ್ದು ಮಾತ್ರ ಒಳ್ಳೆಯ ಉದ್ದೇಶ. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನ ಮೇಲೆ ಐದು ದಿನ ಹೊಗೆಮಂಜು ಕವಿದು, ಆಗಿನ ಸರ್ಕಾರಿ ಲೆಕ್ಕದಂತೆಯೇ ಸುಮಾರು 4,000 ಜನ ಸತ್ತರು. ನಂತರದ ಅಂದಾಜುಗಳು ಇದಕ್ಕಿಂತ ಬಹಳ ಹೆಚ್ಚು. 1956ರ ಶುದ್ಧ ಗಾಳಿ ಕಾಯ್ದೆ ಅದರ ಫಲ. ಮನೆಗಳ ಒಲೆಯ ಹೊಗೆ ತಗ್ಗಿತು. ವಿದ್ಯುತ್ ಸ್ಥಾವರಗಳು ಊರಿನ ಹೊರಗೆ ಹೋದವು, ಚಿಮಣಿಗಳು ಎತ್ತರವಾದವು. ಇಂಗ್ಲೆಂಡಿನ ಡ್ರಾಕ್ಸ್ ಸ್ಥಾವರದ ಚಿಮಣಿ 259 ಮೀಟರ್. ಕೆನಡಾದ ಸಡ್‌ಬರಿಯಲ್ಲಿ ನಿಕ್ಕಲ್ ಕಂಪನಿಯೊಂದು 1972ರಲ್ಲಿ 381 ಮೀಟರ್ ಎತ್ತರದ ಚಿಮಣಿ ನಿಲ್ಲಿಸಿತು. ಹರಡಿದರೆ ತೆಳುವಾಗುತ್ತದೆ, ತೆಳುವಾದರೆ ಇಲ್ಲವಾಗುತ್ತದೆ ಎಂಬ ಲೆಕ್ಕ. ಬುಡದಲ್ಲಿದ್ದ ಊರು ನಿಜಕ್ಕೂ ಉಸಿರಾಡಿತು. ಗಂಧಕ ಮೇಲಿನ ಗಾಳಿ ಹಿಡಿದು ಸಾವಿರಾರು ಕಿಲೋಮೀಟರ್ ಸಾಗಿ ಪರನಾಡಿನ ಮೇಲೆ ಇಳಿಯಿತು.

ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂಟೆ ಓಡೇನ್ 1967ರಲ್ಲಿ ದಿನಪತ್ರಿಕೆಯೊಂದರ ಲೇಖನದಲ್ಲಿ ಮಳೆಯ ಹುಳಿಗೂ ಬೇರೆ ದೇಶಗಳ ಹೊಗೆಗೂ ಗಂಟು ಹಾಕಿ ತೋರಿಸಿದಾಗ ಗಲಾಟೆ ಎದ್ದಿತು. 1972ರಲ್ಲಿ ಸ್ಟಾಕ್‌ಹೋಮ್‌ನ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ಸ್ವೀಡನ್ ಈ ದೂರನ್ನು ಲೋಕದ ಮುಂದೆ ಇಟ್ಟಿತು. ಬ್ರಿಟನ್ನಿನ ಉತ್ತರ ಹೆಚ್ಚುಕಡಿಮೆ ಹೀಗಿತ್ತು: ಸಾಕ್ಷ್ಯ ಸಾಲದು, ಇನ್ನಷ್ಟು ಅಧ್ಯಯನವಾಗಲಿ. ಅಧ್ಯಯನ ನಡೆಯಿತು ಕೂಡ. 1983ರಲ್ಲಿ ಅಲ್ಲಿನ ವಿದ್ಯುತ್ ಮಂಡಳಿ ಮತ್ತು ಕಲ್ಲಿದ್ದಲು ಮಂಡಳಿ 50 ಲಕ್ಷ ಪೌಂಡ್ ಕೊಟ್ಟವು. ಬ್ರಿಟನ್, ನಾರ್ವೆ, ಸ್ವೀಡನ್ನಿನ ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಸಂಶೋಧನೆ ನಡೆಸಿದವು. ಆರೋಪಿಯ ಹಣದಲ್ಲೇ ತನಿಖೆಯಾದರೂ ಬಂದ ಉತ್ತರ ಆರೋಪಿಗೆ ಅನುಕೂಲವಾಗಿರಲಿಲ್ಲ. ಅದು ಮುಗಿಯುವ ಮೊದಲೇ, 1986ರಲ್ಲಿ, ಬ್ರಿಟನ್ ಕೆಲವು ಸ್ಥಾವರಗಳಿಗೆ ಗಂಧಕ ಹಿಡಿಯುವ ಯಂತ್ರ ಕೂರಿಸುವುದಾಗಿ ಘೋಷಿಸಿತು.

ಈ ಹಗ್ಗಜಗ್ಗಾಟದ ನಡುವೆ, 1984ರಲ್ಲಿ, ಆಕ್ಸ್‌ಫರ್ಡಿನ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ ತನ್ನ ಪುಸ್ತಕದಲ್ಲಿ ಒಂದು ಒಗಟು ಮುಂದಿಟ್ಟ. ಸಾವಿರ ಜನ ಹಿಂಸಕರು. ಪ್ರತಿಯೊಬ್ಬನೂ ಒಂದು ಗುಂಡಿ ಒತ್ತುತ್ತಾನೆ. ಒಂದು ಒತ್ತುವಿಕೆಯಿಂದ ಯಾವ ಬಲಿಪಶುವಿನ ನೋವೂ ಅವನಿಗೆ ಗೊತ್ತಾಗುವಷ್ಟು ಹೆಚ್ಚುವುದಿಲ್ಲ. ಎಲ್ಲ ಒತ್ತುವಿಕೆಗಳೂ ಸೇರಿದಾಗ ಅದು ಚಿತ್ರಹಿಂಸೆ. ನಾನು ಯಾರಿಗೂ ನೋವು ಮಾಡಿಲ್ಲ ಎಂದು ಪ್ರತಿಯೊಬ್ಬನೂ ಹೇಳಬಹುದೇ? ಕೂಡದು ಎನ್ನುತ್ತಾನೆ ಪಾರ್ಫಿಟ್. ಕಾಣದಷ್ಟು ಸಣ್ಣ ಪರಿಣಾಮದ ಕೃತ್ಯ ತಪ್ಪಾಗಲಾರದು ಎಂಬುದು ನೀತಿಯ ಗಣಿತದಲ್ಲಿ ನಾವು ಮಾಡುವ ತಪ್ಪು. ಅವನ ಒಗಟಿಗೆ ಚಿಮಣಿಗಳಿಗಿಂತ ಚೆನ್ನಾದ ಉದಾಹರಣೆ ಸಿಗುವುದು ಕಷ್ಟ. ಯಾವ ಒಂದು ಸ್ಥಾವರವೂ, ಲೈಟು ಹಾಕಿದ ಯಾವ ಒಂದು ಮನೆಯೂ ತೊವ್ದಾಲ್‌ನ ಮೀನನ್ನು ಕೊಲ್ಲಲಿಲ್ಲ.

ಹೊಣೆಗೆ ಉದ್ದೇಶವನ್ನು ನೋಡಬೇಕೋ ಪರಿಣಾಮವನ್ನೋ ಎಂಬ ಜಗಳ ಭಾರತದ ಶ್ರಮಣ ಪರಂಪರೆಗಳಲ್ಲಿ ಬಹಳ ಹಳೆಯದು. ಬೌದ್ಧರಿಗೆ ಕರ್ಮವೆಂದರೆ ಮೂಲತಃ ಚೇತನೆ, ಮನಸ್ಸಿನ ಸಂಕಲ್ಪ. ಮಜ್ಝಿಮ ನಿಕಾಯದ ಉಪಾಲಿ ಸುತ್ತದಲ್ಲಿ ಬುದ್ಧನಿಗೂ ಜೈನ ಗೃಹಸ್ಥ ಉಪಾಲಿಗೂ ಚರ್ಚೆಯಾಗುವುದು ಇದೇ ವಿಷಯಕ್ಕೆ: ಮನಸ್ಸಿನ ಕೃತ್ಯ ದೊಡ್ಡದೋ, ಮೈಯ ಕೃತ್ಯ ದೊಡ್ಡದೋ? ಉದ್ದೇಶವೊಂದನ್ನೇ ನೋಡಿದರೆ ಚಿಮಣಿ ಎತ್ತರಿಸಿದ ಎಂಜಿನಿಯರ್ ಪುಣ್ಯಾತ್ಮ. ಲಂಡನ್ನಿನ ಮುದುಕರ ಶ್ವಾಸಕೋಶ ಉಳಿಸಿದವನು. ಪರಿಣಾಮವೊಂದನ್ನೇ ನೋಡಿದರೆ ಕನಸಲ್ಲೂ ಕಾಣದ ಸರೋವರಕ್ಕೆ ಅವನು ಹೊಣೆ. ಈ ಎರಡರ ನಡುವೆ ಜೈನರು ಇಟ್ಟ ಒಂದು ಮಾತು ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಯ ಜತೆಗೆ ಪ್ರಮಾದವನ್ನು ಸೇರಿಸುತ್ತದೆ. ನೋಡಬೇಕಾದ್ದನ್ನು ನೋಡದ ಉದಾಸೀನ ಅದು. 1956ರಲ್ಲಿ ಚಿಮಣಿ ಕಟ್ಟಿದವನಿಗೆ ಗೊತ್ತಿರಲಿಲ್ಲ ಎನ್ನೋಣ. 1972ರ ನಂತರ ಹಾಗೆ ಹೇಳುವಂತಿರಲಿಲ್ಲ. ಹೊಗೆ ಅದೇ, ಚಿಮಣಿ ಅದೇ. ಗೊತ್ತಾದ ದಿನದಿಂದ ಅದು ಪ್ರಮಾದ.

ಅಕೃತಾಭ್ಯಾಗಮಕ್ಕೆ ಶಾಸ್ತ್ರಗಳು ಕೊಡುವ ಪರಿಹಾರ ಎಲ್ಲರಿಗೂ ಗೊತ್ತು: ಈ ಜನ್ಮದಲ್ಲಿ ಕಾರಣ ಕಾಣದಿದ್ದರೆ ಹಿಂದಿನ ಜನ್ಮದಲ್ಲಿದೆ. ನಾರ್ವೆಯ ಬೆಸ್ತನೂ ಟ್ರೌಟ್ ಮೀನೂ ಎಂದೋ ಏನೋ ಮಾಡಿರಬೇಕು. ಸಂಕಟಪಡುವವನು ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳಲು ಹಾಗೆ ನೆನೆದರೆ ಅದು ಅವನ ಶ್ರದ್ಧೆ, ಪ್ರಶ್ನಿಸಲು ಯಾರೂ ಇಲ್ಲ. ಅದೇ ಮಾತು ಹೊಗೆ ಬಿಟ್ಟವನ ಬಾಯಿಂದ ಬಂದರೆ ಅಲ್ಲಿ ಶ್ರದ್ಧೆ ಇಲ್ಲ, ವಕಾಲತ್ತು ಇದೆ. ಕರ್ಮಸಿದ್ಧಾಂತವನ್ನು ಮೊದಲು ತನ್ನ ಕೃತ್ಯಕ್ಕೆ ಹಚ್ಚಿಕೊಳ್ಳಬೇಕೇ ಹೊರತು ಪಕ್ಕದವನ ಸಂಕಟಕ್ಕಲ್ಲ. ಇಷ್ಟು ಸಣ್ಣ ಸಂಗತಿಯನ್ನು ಮರೆತದ್ದರಿಂದಲೇ ಈ ನಾಡಿನಲ್ಲಿ ಆ ಸಿದ್ಧಾಂತ ಎಷ್ಟೋ ಅನ್ಯಾಯಕ್ಕೆ ಕೊಡೆ ಹಿಡಿದಿದೆ.

ಯುರೋಪು ಹಿಡಿದ ದಾರಿ ಪಾಪಪುಣ್ಯದ ಚರ್ಚೆಯನ್ನು ಬದಿಗಿಟ್ಟು ಲೆಕ್ಕ ಬರೆಯುವುದು. 1977ರಲ್ಲಿ ಶುರುವಾದ ಇಎಂಇಪಿ ಎಂಬ ಅಳತೆಯ ಯೋಜನೆ, ಯಾವ ದೇಶದ ಗಂಧಕ ಯಾವ ದೇಶದ ಮೇಲೆ ಎಷ್ಟು ಇಳಿಯಿತು ಎಂದು ಕೋಷ್ಟಕ ತಯಾರಿಸತೊಡಗಿತು. ಅಡ್ಡಸಾಲಿನಲ್ಲಿ ಕೊಟ್ಟವರು, ಉದ್ದಸಾಲಿನಲ್ಲಿ ಪಡೆದವರು. ವಿಜ್ಞಾನಿಗಳು ತಮ್ಮೊಳಗೆ ಅದನ್ನು ದೂಷಣೆಯ ಕೋಷ್ಟಕವೆಂದೇ ಕರೆಯುತ್ತಿದ್ದರು. ಚಿತ್ರಗುಪ್ತನ ಕಡತ ಮೊದಲ ಬಾರಿಗೆ ಬದುಕಿದ್ದವರ ಕೈಗೆ ಸಿಕ್ಕಿತು. 1979ರಲ್ಲಿ ಜಿನೀವಾದಲ್ಲಿ ದೂರ ಸಾಗುವ ವಾಯುಮಾಲಿನ್ಯದ ಒಪ್ಪಂದವಾಯಿತು. 1985ರಲ್ಲಿ ಹೆಲ್ಸಿಂಕಿಯಲ್ಲಿ ಅನೇಕ ದೇಶಗಳು ಗಂಧಕವನ್ನು 1980ರ ಮಟ್ಟದಿಂದ ಶೇ. 30ರಷ್ಟು ಇಳಿಸಲು ಒಪ್ಪಿದವು, ಬ್ರಿಟನ್ ಒಪ್ಪಲಿಲ್ಲ. 1994ರ ಓಸ್ಲೊ ಒಪ್ಪಂದ ಇನ್ನೂ ಮುಂದೆ ಹೋಗಿ, ಎಲ್ಲರಿಗೂ ಒಂದೇ ಶೇಕಡಾವಾರು ಎಂಬುದನ್ನು ಬಿಟ್ಟು, ಹೊಗೆ ಬೀಳುವ ನೆಲ ಎಷ್ಟು ತಾಳಬಲ್ಲದು ಎಂಬುದನ್ನೇ ಅಳತೆಗೋಲು ಮಾಡಿಕೊಂಡಿತು.

ಈ ಕೊನೆಯದು ನೀತಿಶಾಸ್ತ್ರಕ್ಕೆ ದೊಡ್ಡ ಪೇಚು. ಸುಣ್ಣದಕಲ್ಲಿನ ನೆಲದಲ್ಲಿ ಆಮ್ಲ ಬಿದ್ದಲ್ಲೇ ಶಮನವಾಗುತ್ತದೆ. ನಾರ್ವೆ, ಸ್ವೀಡನ್, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ಗ್ರಾನೈಟಿನ ಮೇಲೆ ತೆಳ್ಳನೆಯ ಮಣ್ಣು. ಅಲ್ಲಿ ಅದೇ ಆಮ್ಲ ಕೊಲ್ಲುತ್ತದೆ. ಎಂದರೆ ಒಂದೇ ಕೃತ್ಯ ಗಾಳಿ ಬೀಸಿದ ದಿಕ್ಕಿನ ಮೇಲೆ ಒಮ್ಮೆ ನಿರುಪದ್ರವಿ, ಒಮ್ಮೆ ಘೋರ. ಓಸ್ಲೊ ಒಪ್ಪಂದ ಇದಕ್ಕೆ ಕೊಟ್ಟ ಉತ್ತರ, ಬಲಹೀನನ ತಾಳ್ಮೆಯೇ ಬಲಿಷ್ಠನ ಮಿತಿ ಎಂಬುದು. ಧರ್ಮಗ್ರಂಥಗಳು ಹೇಳಿದರೂ ಸಾಮಾನ್ಯವಾಗಿ ಯಾರೂ ಪಾಲಿಸದ ಈ ತತ್ವ ಮಂತ್ರಿಗಳ ಸಹಿ ಬಿದ್ದ ಕಾಗದದಲ್ಲಿ ಬಂದದ್ದು ಸಣ್ಣ ವಿಷಯವಲ್ಲ.

ಅಮೆರಿಕದ ದಾರಿ ಬೇರೆ. 1990ರ ಕಾಯ್ದೆ ತಿದ್ದುಪಡಿ ಒಟ್ಟು ಗಂಧಕಕ್ಕೆ ಮಿತಿ ಹಾಕಿ, ಆ ಮಿತಿಯೊಳಗೆ ಹೊಗೆ ಬಿಡುವ ಪರವಾನಗಿಯನ್ನು ಕಂಪನಿಗಳು ಕೊಂಡು ಮಾರಬಹುದು ಎಂದಿತು. 1993ರಲ್ಲಿ ಚಿಕಾಗೋದಲ್ಲಿ ಹರಾಜೂ ನಡೆಯಿತು. ಕ್ರೈಸ್ತ ಧರ್ಮಶಾಸ್ತ್ರ ಬಲ್ಲವರಿಗೆ ತಕ್ಷಣ ನೆನಪಾದದ್ದು 1517ರಲ್ಲಿ ಮಾರ್ಟಿನ್ ಲೂಥರ್ ಸಿಡಿದೆದ್ದ ಪಾಪಪರಿಹಾರ ಪತ್ರಗಳ ವ್ಯಾಪಾರ. ತತ್ವಜ್ಞ ರಾಬರ್ಟ್ ಗುಡಿನ್ 1994ರಲ್ಲಿ ಆ ಹೋಲಿಕೆಯನ್ನೇ ಶೀರ್ಷಿಕೆ ಮಾಡಿ ಪ್ರಬಂಧ ಬರೆದ. 1997ರ ನವೆಂಬರ್‌ನಲ್ಲಿ ಆರ್ಥಡಾಕ್ಸ್ ಚರ್ಚಿನ ಪೇಟ್ರಿಯಾರ್ಕ್ ಬಾರ್ತಲೋಮಿಯೊ ಕ್ಯಾಲಿಫೋರ್ನಿಯಾದ ಸಭೆಯೊಂದರಲ್ಲಿ ನೆಲ, ಜಲ, ಗಾಳಿಯನ್ನು ಕೆಡಿಸುವುದು ಪಾಪವೆಂದು ನೇರವಾಗಿ ಸಾರಿದರು. ಮುಂದಿನ ತಿಂಗಳೇ, ಕ್ಯೋಟೊದ ಹವಾಮಾನ ಸಮ್ಮೇಳನದ ಬೆನ್ನಿಗೆ, ಹಾರ್ವರ್ಡಿನ ಮೈಕೆಲ್ ಸ್ಯಾಂಡಲ್ ಮಾಲಿನ್ಯದ ಹಕ್ಕನ್ನು ಕೊಳ್ಳುವುದು ಅನೈತಿಕ ಎಂದು ಪತ್ರಿಕೆಯಲ್ಲಿ ವಾದಿಸಿದ. ದಂಡಕ್ಕೂ ಶುಲ್ಕಕ್ಕೂ ವ್ಯತ್ಯಾಸವಿದೆ, ದಂಡದಲ್ಲಿ ನಾಚಿಕೆ ಇದೆ, ಶುಲ್ಕ ಕಟ್ಟಿದವನು ತಲೆ ಎತ್ತಿ ನಡೆಯುತ್ತಾನೆ ಎಂಬುದು ವಾದದ ಸಾರ.

ವಾದ ಗಟ್ಟಿಯಾಗಿದೆ. ಆದರೂ ಗಂಧಕದ ವಿಷಯದಲ್ಲಿ ಪೂರ್ತಿ ಒಪ್ಪಲಾಗದು. ಪಾಪಪರಿಹಾರ ಪತ್ರ ಮಾರುವವನು ಲೋಕದಲ್ಲಿ ಒಟ್ಟು ಇಷ್ಟೇ ಪಾಪ ಇರತಕ್ಕದ್ದು ಎಂದು ಗೆರೆ ಎಳೆದಿರಲಿಲ್ಲ, ಆ ಗೆರೆಯನ್ನು ಹಂತಹಂತವಾಗಿ ಕೆಳಗೆ ಇಳಿಸಿರಲಿಲ್ಲ. ಇಲ್ಲಿ ಎರಡೂ ಆಯಿತು. ನಂತರ ಬಂದ ಬಿಗಿ ನಿಯಮಗಳೂ ಅಗ್ಗದ ನೈಸರ್ಗಿಕ ಅನಿಲವೂ ಸೇರಿ, ಅಮೆರಿಕದ ವಿದ್ಯುತ್ ಸ್ಥಾವರಗಳ ಸಲ್ಫರ್ ಡೈಆಕ್ಸೈಡ್ 1990ರ ಮಟ್ಟದಿಂದ ಶೇ. 90ಕ್ಕೂ ಹೆಚ್ಚು ಇಳಿದಿದೆ. ನಾಚಿಕೆ ಉಳಿಸಿಕೊಂಡು ಹೊಗೆ ಬಿಡುವವನಿಗಿಂತ, ನಾಚಿಕೆ ಬಿಟ್ಟು ಹೊಗೆ ಕಡಿಮೆ ಮಾಡಿದವನೇ ಮೀನಿಗೆ ಮೇಲು. ಮನುಷ್ಯರ ಅಂತಃಕರಣದ ಮಟ್ಟಿಗೆ ಸ್ಯಾಂಡಲ್‌ನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಪ್ರಾಯಶ್ಚಿತ್ತದ ಕಥೆ ಇನ್ನೂ ವಿಚಿತ್ರ. ಸ್ವೀಡನ್ 1970ರ ದಶಕದಿಂದ ದೋಣಿಗಳಲ್ಲಿ, ಹೆಲಿಕಾಪ್ಟರ್‌ಗಳಲ್ಲಿ ಸುಣ್ಣದಕಲ್ಲಿನ ಪುಡಿ ತಂದು ಸಾವಿರಾರು ಸರೋವರಗಳಿಗೆ ಸುರಿದಿದೆ. ತೊವ್ದಾಲ್ ನದಿಗೂ ನಾರ್ವೆ ಸುಣ್ಣ ಹಾಕಿ ಸಾಲ್ಮನ್ ಮೀನನ್ನು ಮರಳಿ ಕರೆಸಿತು. ತಪ್ಪು ಮಾಡಿದವರ ಬದಲು ತಪ್ಪಿನಿಂದ ನೊಂದವರು ಪ್ರಾಯಶ್ಚಿತ್ತದ ಖರ್ಚು ಹೊತ್ತರು. ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1963ರಿಂದ ಮಳೆ ಅಳೆಯುತ್ತಿದ್ದ ಜೀನ್ ಲೈಕೆನ್ಸ್ ಮತ್ತು ಸಂಗಡಿಗರಿಗೆ ಇನ್ನೊಂದು ಸತ್ಯ ಕಂಡಿತು. ಮಳೆಯ ಹುಳಿ ಇಳಿಯುತ್ತ ಬಂದರೂ ಮಣ್ಣಿನಿಂದ ತೊಳೆದುಹೋದ ಕ್ಯಾಲ್ಸಿಯಂ ಮರಳಿ ಬರಲಿಲ್ಲ. 1999ರಲ್ಲಿ ಅಲ್ಲಿನ ಒಂದು ಕಣಿವೆಯ ಮೇಲೆ ಹೆಲಿಕಾಪ್ಟರಿನಿಂದ ಕ್ಯಾಲ್ಸಿಯಂ ಖನಿಜ ಉದುರಿಸಿ ನೋಡಿದರು, ಮರಗಳು ಚೇತರಿಸಿಕೊಂಡವು. ಕೃತ್ಯ ನಿಂತ ಮೇಲೂ ತೀರದೆ ಕೂಡಿಬಿದ್ದಿರುವ ಕರ್ಮಕ್ಕೆ ನಮ್ಮವರು ಸಂಚಿತ ಎನ್ನುತ್ತಾರೆ. ಮಣ್ಣಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ಸುಣ್ಣದಕಲ್ಲಿನ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಸ್ಥಾವರದ ಹೊಗೆಯಿಂದ ಗಂಧಕ ಹಿಡಿಯುವ ಯಂತ್ರದಲ್ಲಿ ಸುಣ್ಣದಕಲ್ಲಿನ ಪುಡಿ ಕಲಸಿದ ನೀರನ್ನು ಹೊಗೆಯ ಮೇಲೆ ಎರಚುತ್ತಾರೆ. ಅದು ಗಂಧಕವನ್ನು ಹೀರಿ ಜಿಪ್ಸಂ ಆಗುತ್ತದೆ, ಗೋಡೆಯ ಹಲಗೆಗೆ ಹೋಗುತ್ತದೆ. ಯಂತ್ರವಿಲ್ಲದಿದ್ದರೆ ಇದೇ ಕ್ರಿಯೆ ಅಮೃತಶಿಲೆಯ ಮುಖದ ಮೇಲೆ ನಡೆಯುತ್ತದೆ, ಏಕೆಂದರೆ ಅಮೃತಶಿಲೆಯೂ ಅದೇ ಕ್ಯಾಲ್ಸಿಯಂ ಕಾರ್ಬೋನೇಟ್. ಶಿಲೆಯ ಮೈ ಜಿಪ್ಸಂ ಆಗಿ ಉಬ್ಬಿ ಚಕ್ಕೆಯೇಳುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಅಥೆನ್ಸಿನ ಆಕ್ರೊಪೊಲಿಸ್‌ನಲ್ಲಿ ಗುಡಿಯ ಛಾವಣಿ ಹೊತ್ತು ನಿಂತಿದ್ದ ಶಿಲಾಕನ್ಯೆಯರನ್ನು 1979ರಲ್ಲಿ ಕೆಳಗಿಳಿಸಿ ಮ್ಯೂಸಿಯಂಗೆ ಸಾಗಿಸಿದ್ದು ಈ ಕಾರಣಕ್ಕೆ. ಅವರಲ್ಲೊಬ್ಬಳು ಮಾತ್ರ ಲಾರ್ಡ್ ಎಲ್ಗಿನ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಲಂಡನ್ನಿಗೆ ಒಯ್ದದ್ದರಿಂದ ಅಥೆನ್ಸಿನ ಹೊಗೆಯಿಂದ ಪಾರಾಗಿದ್ದಳು. ಕದ್ದವನ ಕೃತ್ಯಕ್ಕೂ ಇಂಥ ಫಲವೇ ಎಂದು ನೈಯಾಯಿಕರು ತಲೆ ಕೆರೆದುಕೊಳ್ಳಬಹುದು. ಇದೇ ಆತಂಕದಿಂದ ಹೂಡಿದ್ದ ತಾಜ್ ಮಹಲಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 30ರಂದು 292 ಕೈಗಾರಿಕೆಗಳಿಗೆ ಕಲ್ಲಿದ್ದಲು ಬಿಡಿ, ಇಲ್ಲವೇ ಜಾಗ ಬಿಡಿ ಎಂದಿತು. ತಾಜ್ ಹಳದಿಯಾಗಲು ದೂಳು ಮತ್ತು ಮಸಿಯ ಪಾಲೂ ದೊಡ್ಡದು. ಶ್ರವಣಬೆಳಗೊಳದ ಬಾಹುಬಲಿ ಗ್ರಾನೈಟಿನವನು. ಅಮೃತಶಿಲೆಯಷ್ಟು ಸುಲಭವಾಗಿ ಅವನು ಆಮ್ಲಕ್ಕೆ ಸೋಲುವುದಿಲ್ಲ.

ಭಾರತದ ಮಳೆ ಬಹುಕಾಲ ಹುಳಿಯಾಗದೆ ಉಳಿದದ್ದು ನಮ್ಮ ಸದಾಚಾರದಿಂದಲ್ಲ, ದೂಳಿನಿಂದ. ಒಣನಾಡುಗಳಿಂದ ಏಳುವ ಸುಣ್ಣದಂಶದ ದೂಳು ಗಾಳಿಯಲ್ಲೇ ಆಮ್ಲವನ್ನು ಶಮನ ಮಾಡುತ್ತದೆ. ಆದರೂ ವಿಶಾಖಪಟ್ಟಣ, ಪ್ರಯಾಗರಾಜ್, ಅಸ್ಸಾಮಿನ ಮೋಹನ್‌ಬಾರಿಗಳಲ್ಲಿ ಮಳೆ ವರ್ಷಗಳಿಂದ ಹುಳಿಯತ್ತ ಜಾರುತ್ತಿದೆ. ಅಸ್ಸಾಮಿನ ಮಣ್ಣು ಮೊದಲೇ ಹುಳಿ. ಇದರ ನಡುವೆ ಇನ್ನೊಂದು ತೊಡಕು: ಗಾಳಿಯಲ್ಲಿನ ಸಲ್ಫೇಟ್ ಕಣಗಳು ಬಿಸಿಲನ್ನು ಹಿಂದಕ್ಕಟ್ಟಿ ಭೂಮಿಯನ್ನು ತುಸು ತಂಪಾಗಿಡುತ್ತವೆ. ಗಂಧಕ ತೆಗೆದಷ್ಟೂ ಅಡಗಿದ್ದ ತಾಪ ಹೊರಬೀಳುತ್ತದೆ. ಓಜೋನ್ ಕುರಿತ ಕೆಲಸಕ್ಕೆ ನೊಬೆಲ್ ಪಡೆದ ಪೌಲ್ ಕ್ರುಟ್ಸನ್, ಬೇಕೆಂದೇ ಗಂಧಕವನ್ನು ವಾಯುಮಂಡಲದ ಎತ್ತರದ ಪದರಕ್ಕೆ ತೂರುವ ಯೋಚನೆಯನ್ನು 2006ರಲ್ಲಿ ಗಂಭೀರವಾಗಿ ಚರ್ಚೆಗೆ ಇಟ್ಟರು.

ಭಾರತ ಸರ್ಕಾರ 2015ರಲ್ಲಿ ಎಲ್ಲ ಕಲ್ಲಿದ್ದಲು ಸ್ಥಾವರಗಳಿಗೆ ಗಂಧಕದ ಮಿತಿ ಹಾಕಿತ್ತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ಬಂದ ಅಧಿಸೂಚನೆ ಸುಮಾರು ಶೇ. 78ರಷ್ಟು ಸ್ಥಾವರಗಳಿಗೆ ವಿನಾಯಿತಿ ಕೊಟ್ಟಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರ ದುಬಾರಿ, ಅದನ್ನು ಓಡಿಸಲು ಇನ್ನಷ್ಟು ಕಲ್ಲಿದ್ದಲು ಸುಡಬೇಕು ಎಂಬುವು ಕೊಟ್ಟ ಕಾರಣಗಳು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ (ಎನ್ಐಎಎಸ್) ಸೇರಿದಂತೆ ಕೆಲವು ಸಂಸ್ಥೆಗಳ ಅಧ್ಯಯನಗಳನ್ನೂ ಸರ್ಕಾರ ಮುಂದಿಟ್ಟಿತು. ಈ ಕಾರಣಗಳಲ್ಲಿ ತೂಕವಿಲ್ಲ ಎನ್ನಲಾಗದು. ಆದರೆ ವಿಂಗಡಣೆಗೆ ಹಿಡಿದ ಅಳತೆ, ದೊಡ್ಡ ನಗರಗಳಿಂದ, ಮಾಲಿನ್ಯ ಹೆಚ್ಚಿರುವ ಪ್ರದೇಶಗಳಿಂದ ಸ್ಥಾವರ 10 ಕಿಲೋಮೀಟರ್ ಒಳಗಿದೆಯೋ ಹೊರಗಿದೆಯೋ ಎಂಬುದು. ವಿನಾಯಿತಿಗೆ ಹಾಕಿದ ಷರತ್ತು ಚಿಮಣಿ ನಿಗದಿತ ಎತ್ತರದಲ್ಲಿರಬೇಕು ಎಂಬುದು. ದಕ್ಷಿಣ ಏಷ್ಯಾದ ದೇಶಗಳು ಗಡಿ ದಾಟುವ ಹೊಗೆಯ ಬಗ್ಗೆ 1998ರಲ್ಲೇ ಮಾಲೆಯಲ್ಲಿ ಒಂದು ಘೋಷಣೆಗೆ ಒಪ್ಪಿವೆ. ಯಾರು ಎಷ್ಟು ಇಳಿಸಬೇಕು ಎಂಬ ಅಂಕಿ ಅದರಲ್ಲಿಲ್ಲ. ಹನ್ನೊಂದನೆಯ ಕಿಲೋಮೀಟರಿನಲ್ಲಿ ಏಳುವ ಹೊಗೆ ಎಲ್ಲಿ ಇಳಿಯುತ್ತದೆ ಎಂದು ಬರೆದಿಡುವ ಕೋಷ್ಟಕ ಇಲ್ಲಿಗೂ ಬೇಕು, ಗೊತ್ತಿರಲಿಲ್ಲ ಎನ್ನುವ ಅವಕಾಶ ದೆಹಲಿಗಾಗಲಿ ಢಾಕಾಕ್ಕಾಗಲಿ ಈಗ ಉಳಿದಿಲ್ಲ.